ಕಣ್ಣು ಚೆನ್ನಾಗಿಯೇ ಕಾಣುತ್ತಿದೆ, ಆದರೂ ತೋರಿಸಬೇಕಾ?

ಕಿಟಕಿಸೀಟು:

ನನಗೆ 43. ಮೂರು ವಾರದ ಹಿಂದೆ ಚಾಳೀಸು ಮಾಡಿಸಿಕೊಳ್ಳಲು ಹೋಗಿದ್ದೆ, ಅಷ್ಟೇ. ಮೊಬೈಲನ್ನು ಕೈ ಚಾಚಿ ಹಿಡಿದು ಓದುವ ಸ್ಥಿತಿ ಬಂದಿತ್ತು. ಮನೆಯಲ್ಲಿ ಎಲ್ಲರಿಗೂ ಅದೊಂದು ತಮಾಷೆ. ಹತ್ತು ನಿಮಿಷದ ಕೆಲಸ ಅಂದುಕೊಂಡೇ ಹೊರಟಿದ್ದು.

ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಿದೆ. ಎರಡೂ ಕಣ್ಣು 6/6. ಆಮೇಲೆ ಡಾಕ್ಟರು ಲೈಟ್ ಬಿಟ್ಟು ಒಳಗೆ ನೋಡಿದರು. ಬಲಗಣ್ಣು ನೋಡಿದರು, ಎಡಗಣ್ಣು ನೋಡಿದರು. ಮತ್ತೆ ಎಡಗಣ್ಣಿಗೇ ಬಂದರು. "ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇತ್ತಾ?" ಎಂದು ಕೇಳಿದರು. ಕಣ್ಣಿನ ನರ ಸವೆದು ನೋಟ ಕಳೆಯುವ ಕಾಯಿಲೆಯಂತೆ ಅದು. ಇಲ್ಲ ಅಂದೆ. ಅಂದುಬಿಟ್ಟ ಮೇಲೆ ಅಮ್ಮನ ನೆನಪಾಯಿತು. ಕೊನೆಯ ಕೆಲವು ವರ್ಷ ಅವಳ ಭುಜ ಬಾಗಿಲ ಚೌಕಟ್ಟಿಗೆ ತಗಲುತ್ತಿತ್ತು. ಮೆಟ್ಟಿಲನ್ನು ಕಾಲಿನಿಂದ ತಡಕಿ ಇಳಿಯುತ್ತಿದ್ದಳು. ವಯಸ್ಸಾಯಿತು ಅಂತ ನಾವು ಸುಮ್ಮನಿದ್ದೆವು. ಕಣ್ಣು ತೋರಿಸೋಣ ಅಂತ ಒಬ್ಬರಿಗೂ ಹೊಳೆಯಲಿಲ್ಲ.

ಮರುವಾರ ಇನ್ನೊಂದು ಟೆಸ್ಟ್ ಮಾಡಿದರು. ಒಂದು ಕಣ್ಣು ಮುಚ್ಚಿ, ಬಟ್ಟಲಿನಂಥ ಮೆಷಿನ್ ಮುಂದೆ ಗದ್ದ ಇಟ್ಟು ಕೂರಬೇಕು. ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಅಲ್ಲಲ್ಲಿ ಸಣ್ಣ ಬೆಳಕು ಮಿನುಗುತ್ತದೆ, ಕಂಡಾಗ ಬಟನ್ ಒತ್ತಬೇಕು. ಬಲಗಣ್ಣು ಸಲೀಸಾಗಿ ಮುಗಿಯಿತು. ಎಡಗಣ್ಣಿನ ಸರದಿ ಬಂದಾಗ ನಡುನಡುವೆ ಬೆಳಕೇ ಬರಲಿಲ್ಲ. ಮೆಷಿನ್ ಕೆಟ್ಟಿದೆ ಅಂದುಕೊಂಡು ಪಕ್ಕದಲ್ಲಿದ್ದ ಹುಡುಗಿಯನ್ನು ಕೇಳಿಯೂ ಬಿಟ್ಟೆ. "ಇಲ್ಲ ಸರ್, ಬರುತ್ತಿದೆ" ಅಂದಳು.

ಎಡಗಣ್ಣಿನಲ್ಲಿ ಮೂಗಿನ ಕಡೆ, ಮೇಲ್ಭಾಗದ ನೋಟ ಸ್ವಲ್ಪ ಹೋಗಿದೆಯಂತೆ. ಹೋದದ್ದು ವಾಪಸ್ ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಲು ರಾತ್ರಿ ಒಂದೊಂದು ಹನಿ ಔಷಧಿ ಬಿಡುತ್ತಿದ್ದೇನೆ.

ಎರಡು ಪ್ರಶ್ನೆ. ನನಗೆ ಇದು ಗೊತ್ತೇ ಆಗಲಿಲ್ಲವಲ್ಲ, ಹೇಗೆ? ಇನ್ನೊಂದು, ನನ್ನ ತಮ್ಮನಿಗೆ 39. ತೋರಿಸು ಅಂದರೆ "ನನಗೆ ಚೆನ್ನಾಗಿ ಕಾಣುತ್ತಿದೆ" ಅನ್ನುತ್ತಾನೆ. ಏನು ಹೇಳಲಿ?

ಲೆನ್ಸ್‌ಪೆಟ್ಟಿಗೆ:

ನಾನು ಆಪ್ಟೋಮೆಟ್ರಿಸ್ಟ್, ಅಂದರೆ ಕಣ್ಣು ಪರೀಕ್ಷಿಸಿ ಕನ್ನಡಕದ ನಂಬರ್ ಕೊಡುವವಳು, ಹದಿನಾಲ್ಕು ವರ್ಷದಿಂದ ಇದೇ ಕೆಲಸ. ನಿಮ್ಮ ತಮ್ಮ ಹೇಳುವ ಮಾತನ್ನು ದಿನಕ್ಕೆ ನಾಲ್ಕು ಸಲವಾದರೂ ಕೇಳುತ್ತೇನೆ.

ಆ ಅಕ್ಷರದ ಚಾರ್ಟ್ ಇದೆಯಲ್ಲ, ಅದನ್ನು ಸ್ನೆಲೆನ್ ಎಂಬ ಡಚ್ ವೈದ್ಯರು ಮಾಡಿದ್ದು 1862ರಲ್ಲಿ. ಒಳ್ಳೆಯ ಚಾರ್ಟು, ತಕರಾರಿಲ್ಲ. ಆದರೆ ಅದು ಅಳೆಯುವುದು ನೋಟದ ನಟ್ಟನಡುವಿನ ಒಂದಿಷ್ಟು ಜಾಗವನ್ನು ಮಾತ್ರ. ಗ್ಲಾಕೋಮಾ ಸಾಮಾನ್ಯವಾಗಿ ಬದಿಯಿಂದ ತಿನ್ನುತ್ತಾ ಬರುತ್ತದೆ, ನಡುವನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ಹಾಗಾಗಿ 6/6 ಓದುವವರಿಗೂ ನರ ಸಾಕಷ್ಟು ಸವೆದಿರಬಹುದು. ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ.

ಗೊತ್ತಾಗದಿರಲು ಇನ್ನೆರಡು ಕಾರಣ. ಒಂದು ಕಣ್ಣಿನಲ್ಲಿ ಹೋದ ಜಾಗವನ್ನು ಇನ್ನೊಂದು ಕಣ್ಣು ನೋಡುತ್ತಿರುತ್ತದೆ. ಎರಡನೆಯದು ಮೆದುಳು. ಅದಕ್ಕೆ ಖಾಲಿ ಜಾಗ ಕಂಡರೆ ಆಗುವುದಿಲ್ಲ, ಸುತ್ತಲಿನದನ್ನೇ ಎಳೆದು ತುಂಬಿಬಿಡುತ್ತದೆ. ಕಪ್ಪು ತೂತು ಕಾಣುತ್ತದೆ ಅಂತ ಜನ ಕಾಯುತ್ತಾರೆ. ಅಂಥದ್ದೇನೂ ಕಾಣುವುದಿಲ್ಲ.

ಬೇಕಾದರೆ ಈಗಲೇ ನೋಡಿ. ಬಿಳಿ ಹಾಳೆಯ ಮೇಲೆ ಎಡಕ್ಕೆ ಒಂದು ಕೂಡಿಸುವ ಚಿಹ್ನೆ ಬರೆಯಿರಿ. ಅದರಿಂದ 8 ಸೆಂ.ಮೀ. ಬಲಕ್ಕೆ ಕಡಲೆ ಗಾತ್ರದ ಒಂದು ಕಪ್ಪು ಚುಕ್ಕೆ. ಎಡಗಣ್ಣು ಮುಚ್ಚಿ. ಬಲಗಣ್ಣಿನಿಂದ ಚಿಹ್ನೆಯನ್ನೇ ನೋಡುತ್ತಾ ಹಾಳೆಯನ್ನು ನಿಧಾನವಾಗಿ ಹತ್ತಿರ ತನ್ನಿ. ಸುಮಾರು 30 ಸೆಂ.ಮೀ. ದೂರಕ್ಕೆ ಬಂದಾಗ ಚುಕ್ಕೆ ಮಾಯ. ಅಲ್ಲಿ ತೂತು ಕಾಣಿಸಿತಾ? ಇಲ್ಲ, ಬಿಳಿ ಹಾಳೆಯೇ ಕಾಣುತ್ತದೆ. ಕಣ್ಣಿನ ನರ ಹೊರಟುಹೋಗುವ ಆ ಜಾಗದಲ್ಲಿ ನಮಗೆಲ್ಲ ಹುಟ್ಟಿನಿಂದಲೂ ನೋಟವಿಲ್ಲ. ಇಷ್ಟು ವರ್ಷ ಅದು ಗೊತ್ತಿಲ್ಲದೆ ಬದುಕಿದ್ದೇವೆ.

ತಮ್ಮನ ವಿಷಯ: ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಗ್ಲಾಕೋಮಾ ಇದ್ದರೆ ಬರುವ ಸಾಧ್ಯತೆ ಹಲವು ಪಟ್ಟು ಜಾಸ್ತಿ. 40 ತುಂಬಲಿ ಅಂತ ಕಾಯುವುದು ಬೇಡ. ಕರೆದುಕೊಂಡು ಹೋಗಿ.

ಲೆಕ್ಕದಮೇಷ್ಟ್ರು:

ಕಿಟಕಿಸೀಟು ಅವರೇ, ಬೇಗ ಗೊತ್ತಾಗಿದ್ದು ಒಳ್ಳೆಯದಾಯಿತು. ಆದರೆ ಒಂದು ಉಲ್ಟಾ ಮಾತು ಹೇಳುತ್ತೇನೆ, ಬೈಯಬೇಡಿ. ಎಲ್ಲರೂ ಪ್ರತಿ ವರ್ಷ ಕಣ್ಣು ತೋರಿಸಿ ಎಂಬ ಮಂತ್ರ ಯಾರಿಗೆ ಲಾಭ? ನನ್ನ ಮಗಳಿಗೆ 24. ತಲೆನೋವು ಅಂತ ಹೋದಳು. ನಂಬರ್ ಏನೂ ಇಲ್ಲ ಅಂತ ಹೇಳಿ, ಕಂಪ್ಯೂಟರಿನ ನೀಲಿ ಬೆಳಕು ತಡೆಯುವ ಗಾಜು ಹಾಕಿಸಿ ಕಳಿಸಿದರು. ತಲೆನೋವು ಹಾಗೇ ಇದೆ, ದುಡ್ಡು ಮಾತ್ರ ಇಲ್ಲ.

ಇನ್ನೊಂದು. 2019ರ ವಿಶ್ವ ಆರೋಗ್ಯ ಸಂಸ್ಥೆಯ ವರದಿಯನ್ನು ಎಲ್ಲರೂ ಎತ್ತಿ ಹೇಳುತ್ತಾರೆ. 220 ಕೋಟಿ ಜನರಿಗೆ ನೋಟದ ತೊಂದರೆ, ಅದರಲ್ಲಿ ಕನಿಷ್ಠ 100 ಕೋಟಿ ತಪ್ಪಿಸಬಹುದಿತ್ತು ಅಥವಾ ಇನ್ನೂ ಸರಿಪಡಿಸಬೇಕಿದೆ, ಅಂತ. ಆ 100 ಕೋಟಿಯಲ್ಲಿ 80 ಕೋಟಿಗೂ ಜಾಸ್ತಿ ಜನರ ತೊಂದರೆ ಹತ್ತಿರದ್ದು ಕಾಣದಿರುವುದು. ಅಂದರೆ ಬರೀ ಒಂದು ಚಾಳೀಸು ಸಾಕು. ದೊಡ್ಡ ಅಂಕಿ ತೋರಿಸಿ ಹೆದರಿಸುವುದು ನನಗೆ ಸರಿ ಕಾಣುವುದಿಲ್ಲ.

ಲೆನ್ಸ್‌ಪೆಟ್ಟಿಗೆ:

ಮೇಷ್ಟ್ರೇ, ಬೈಯುವುದೇನು, ಅರ್ಧ ನಿಮ್ಮ ಮಾತೇ ಸರಿ. ನೀಲಿ ಬೆಳಕಿನ ಗಾಜಿನ ಬಗ್ಗೆ ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧಕರ ಜಾಲದವರು 2023ರಲ್ಲಿ 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮಾಮೂಲಿ ಗಾಜಿಗಿಂತ ಕಣ್ಣಿನ ಆಯಾಸ ಕಮ್ಮಿಯಾಗುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ನಮ್ಮ ವೃತ್ತಿಯವರೇ ಅದನ್ನು ಮಾರುತ್ತಾರೆ, ನನಗೆ ನಾಚಿಕೆ. ಪರದೆ ನೋಡುವಾಗ ರೆಪ್ಪೆ ಬಡಿಯುವುದು ಕಮ್ಮಿಯಾಗಿ ಕಣ್ಣು ಒಣಗುತ್ತದೆ, ಬಹಳ ಜನರ ತೊಂದರೆ ಅದೇ. ಮಗಳಿಗೆ ಆಗಾಗ ದೂರ ನೋಡಲು ಹೇಳಿ, ಬೇಕು ಅಂತಲೇ ರೆಪ್ಪೆ ಬಡಿಯಲು ಹೇಳಿ. ತಲೆನೋವು ನಿಲ್ಲದಿದ್ದರೆ ಅದನ್ನು ಕಣ್ಣಿನ ತಲೆಗೆ ಕಟ್ಟದೆ ಬೇರೆ ಡಾಕ್ಟರಿಗೂ ತೋರಿಸಿ.

ಪ್ರತಿ ವರ್ಷ ಅನ್ನುವುದೂ ಎಲ್ಲರಿಗೂ ಅಲ್ಲ. ಅಮೆರಿಕದ ನೇತ್ರವೈದ್ಯರ ಅಕಾಡೆಮಿ ಹೇಳುವುದು ಹೀಗೆ: ಏನೂ ತೊಂದರೆ ಇಲ್ಲದವರು ಇಪ್ಪತ್ತರ ಹರೆಯದಲ್ಲಿ ಒಂದು ಸಲ, ಮೂವತ್ತರಲ್ಲಿ ಎರಡು ಸಲ ಪೂರ್ತಿ ತಪಾಸಣೆ ಮಾಡಿಸಿದರೆ ಸಾಕು. 40ಕ್ಕೆ ಮಾತ್ರ ತಪ್ಪದೆ ಒಂದು ಸಲ. ಅಲ್ಲಿಂದ ಡಾಕ್ಟರು ಹೇಳಿದಷ್ಟು ದಿನಕ್ಕೆ. 65 ದಾಟಿದವರು ಒಂದೆರಡು ವರ್ಷಕ್ಕೊಮ್ಮೆ. ಆಪ್ಟೋಮೆಟ್ರಿ ಸಂಘಗಳು ಇದಕ್ಕಿಂತ ಬೇಗ ಬೇಗ ಬನ್ನಿ ಅನ್ನುತ್ತವೆ. ನಾನು ಆ ಕಡೆಯವಳಾದರೂ ಆರೋಗ್ಯವಾಗಿರುವ 24ರ ಹುಡುಗಿಯನ್ನು ಪ್ರತಿ ವರ್ಷ ಕರೆಯುವುದಿಲ್ಲ. ಆದರೆ ಸಕ್ಕರೆ ಕಾಯಿಲೆ, ಮನೆಯಲ್ಲಿ ಗ್ಲಾಕೋಮಾ, ತುಂಬಾ ದೊಡ್ಡ ಮೈನಸ್ ನಂಬರ್, ಇವುಗಳಲ್ಲಿ ಒಂದಿದ್ದರೂ ಈ ಲೆಕ್ಕ ನಡೆಯುವುದಿಲ್ಲ.

ಏಳುಮಾತ್ರೆ:

ಸಕ್ಕರೆ ಅಂದಿರಲ್ಲ, ಅದು ನಾನು. ಗೊತ್ತಾಗಿ ಆರು ವರ್ಷ. ಪ್ರತಿ ವರ್ಷ ಕನ್ನಡಕದ ನಂಬರ್ ನೋಡಿಸುತ್ತಿದ್ದೆ. ಕಣ್ಣಿನ ಟೆಸ್ಟ್ ಆಯಿತು ಅಂತ ನೆಮ್ಮದಿಯಾಗಿದ್ದೆ. ಹೋದ ವರ್ಷ ಹೊಸ ಡಾಕ್ಟರು "ಪಾಪೆ ಹಿಗ್ಗಿಸಿ ಹಿಂದಿನ ಪರದೆ ನೋಡಿದ್ದಾರಾ?" ಅಂದಾಗ ನಾನು ಬಾಯಿ ಬಿಟ್ಟೆ. ಆರು ವರ್ಷದಲ್ಲಿ ಒಂದು ಸಲವೂ ಯಾರೂ ನೋಡಿರಲಿಲ್ಲ.

ಫೋಟೋ ತೆಗೆದು ಪರದೆ ಮೇಲೆ ತೋರಿಸಿದರು. ಕಿತ್ತಳೆ ಬಣ್ಣದ ಹಿನ್ನೆಲೆ, ಬಳ್ಳಿಯ ಹಾಗೆ ರಕ್ತನಾಳ, ಅದರ ಪಕ್ಕದಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕೆಗಳು. ನಾಳಗಳು ಅಲ್ಲಲ್ಲಿ ಉಬ್ಬಿ ಸೋರಿದ್ದಂತೆ. ಅವತ್ತು ಬೆಳಗ್ಗೆ ನಾನು ಪತ್ರಿಕೆಯ ಸಣ್ಣ ಅಕ್ಷರವನ್ನೆಲ್ಲ ಸರಾಗವಾಗಿ ಓದಿ ಬಂದಿದ್ದೆ! ಇನ್ನೂ ಮೊದಲ ಹಂತ, ಲೇಸರ್ ಏನೂ ಬೇಡ, ಸಕ್ಕರೆ ಮತ್ತು ಬಿಪಿ ಬಿಗಿ ಮಾಡಿ ಅಂದರು.

ಸಕ್ಕರೆ ಇರುವವರು ಒಂದು ಮಾತು ಕೇಳಿ. ನಂಬರ್ ನೋಡುವುದು ಬೇರೆ, ರೆಟಿನಾ, ಅಂದರೆ ಕಣ್ಣಿನ ಆ ಹಿಂದಿನ ಪರದೆ, ನೋಡುವುದು ಬೇರೆ. "ರೆಟಿನಾ ನೋಡಿದಿರಾ?" ಅಂತ ಬಾಯಿಬಿಟ್ಟು ಕೇಳಿ.

ಲೆನ್ಸ್‌ಪೆಟ್ಟಿಗೆ:

ಇದಕ್ಕೆ ಸ್ವಲ್ಪ ಸೇರಿಸುತ್ತೇನೆ. ಟೈಪ್ 2 (ಹೆಚ್ಚಾಗಿ ದೊಡ್ಡವರಲ್ಲಿ ಬರುವ ಸಕ್ಕರೆ ಕಾಯಿಲೆ) ಇದ್ದವರು ಕಾಯಿಲೆ ಗೊತ್ತಾದ ಕೂಡಲೇ ರೆಟಿನಾ ತೋರಿಸಬೇಕು, ಯಾಕೆಂದರೆ ಅದು ಗೊತ್ತಾಗುವ ಎಷ್ಟೋ ವರ್ಷ ಮೊದಲೇ ಶುರುವಾಗಿರುತ್ತದೆ. ಟೈಪ್ 1 (ಹೆಚ್ಚಾಗಿ ಚಿಕ್ಕ ವಯಸ್ಸಿನಲ್ಲೇ ಬಂದು ಇನ್ಸುಲಿನ್ ಬೇಕಾಗುವುದು) ಆದರೆ ಶುರುವಾದ 5 ವರ್ಷದೊಳಗೆ. ಆಮೇಲೆ ಇಬ್ಬರೂ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಮೊದಲೇ ಸಕ್ಕರೆ ಇದ್ದವರು ಗರ್ಭಿಣಿಯಾದರೆ ಮೊದಲ ಮೂರು ತಿಂಗಳಲ್ಲೇ ತೋರಿಸಬೇಕು. ಇನ್ನೊಂದು, ಸಕ್ಕರೆ ಏರಿಳಿಯುವಾಗ ಕಣ್ಣಿನೊಳಗಿನ ಮಸೂರವೂ ಊದಿ ಇಳಿಯುತ್ತದೆ, ನಂಬರ್ ಅದರ ಜೊತೆಗೆ ಕುಣಿಯುತ್ತದೆ. ಸಕ್ಕರೆ ಹತೋಟಿಗೆ ಬರುವ ತನಕ ಹೊಸ ಕನ್ನಡಕಕ್ಕೆ ದುಡ್ಡು ಹಾಕಬೇಡಿ.

ಗೇರುಐದು:

ಪಾಪೆ ಹಿಗ್ಗಿಸುವ ಹನಿ ಹಾಕಿಸಿಕೊಂಡು ಸ್ಕೂಟರ್ ಓಡಿಸಿಕೊಂಡು ಬಂದ ಮಹಾಶಯ ನಾನೇ. ಮಧ್ಯಾಹ್ನದ ಬಿಸಿಲು. ಎದುರು ಬರುವ ಪ್ರತಿ ಗಾಡಿಯ ಗಾಜೂ ಕಣ್ಣಿಗೆ ಚುಚ್ಚುತ್ತಿತ್ತು. ಅರ್ಧ ದಾರಿಯಲ್ಲಿ ಗಾಡಿ ನಿಲ್ಲಿಸಿ ತಮ್ಮನನ್ನು ಕರೆದೆ. ಅವನಿಗೆ ಫೋನ್ ಮಾಡಲು ಹೆಸರೇ ಕಾಣಲಿಲ್ಲ, ದಾರಿಹೋಕರ ಕೈಯಲ್ಲಿ ಹುಡುಕಿಸಿದೆ. ಮುಂಚೆಯೇ ಹೇಳಬಾರದಾ ಇದನ್ನು?

ಲೆನ್ಸ್‌ಪೆಟ್ಟಿಗೆ:

ಹೇಳಬೇಕಿತ್ತು. ಹನಿ ಕೆಲಸ ಮಾಡಲು 20–30 ನಿಮಿಷ, ಇಳಿಯಲು ಸಾಮಾನ್ಯವಾಗಿ 4ರಿಂದ 6 ಗಂಟೆ, ಕೆಲವರಿಗೆ ಇನ್ನೂ ಜಾಸ್ತಿ. ಕಪ್ಪು ಕನ್ನಡಕ ಮತ್ತು ಜೊತೆಗೊಬ್ಬರು ಇರಲಿ. ಆ ದಿನ ಓದುವ, ಸಹಿ ಹಾಕುವ ಕೆಲಸ ಇಟ್ಟುಕೊಳ್ಳಬೇಡಿ.

ಎರಡುಮಕ್ಕಳಮ್ಮ:

ಎಲ್ಲರೂ ದೊಡ್ಡವರ ಮಾತೇ ಆಡುತ್ತಿದ್ದೀರಿ. ಮಕ್ಕಳು ಬಾಯಿಬಿಟ್ಟು ಹೇಳುವುದೇ ಇಲ್ಲ.

ನನ್ನ ಸಣ್ಣವಳಿಗೆ ಆಗ ನಾಲ್ಕೂವರೆ. ಟಿವಿ ಹತ್ತಿರ ಹೋಗುತ್ತಿರಲಿಲ್ಲ, ಕಣ್ಣು ಮಾಲುತ್ತಿರಲಿಲ್ಲ, ಎಡವುತ್ತಿರಲಿಲ್ಲ. ಒಂದು ದಿನ ಮುಖ ಒರೆಸುವಾಗ ಟವೆಲ್ಲಿನಿಂದ ಅವಳ ಬಲಗಣ್ಣು ಮುಚ್ಚಿತು. ಕೈ ತಳ್ಳಿ ಕಿರುಚಿದಳು. ಎಡಗಣ್ಣು ಮುಚ್ಚಿದರೆ ಏನೂ ಇಲ್ಲ, ಹಾಡು ಹೇಳುತ್ತಾ ನಿಂತಿದ್ದಳು. ಹಠ ಅಂದುಕೊಂಡೆ. ಮರುದಿನವೂ ಅದೇ. ಮೂರನೇ ದಿನ ಬೇಕು ಅಂತಲೇ ಮುಚ್ಚಿ ನೋಡಿದೆ. ಬಲಗಣ್ಣು ಮುಚ್ಚಿದರೆ ಎದುರಿಗಿದ್ದ ಬಣ್ಣದ ಪೆನ್ಸಿಲನ್ನು ಕೈಯಿಂದ ತಡಕುತ್ತಿದ್ದಳು.

ಎಡಗಣ್ಣಿನಲ್ಲಿ ದೊಡ್ಡ ಪ್ಲಸ್ ನಂಬರ್ ಇತ್ತು. ಕಣ್ಣಿನಲ್ಲಿ ಬೇರೆ ದೋಷವೇನೂ ಇಲ್ಲ, ಆದರೆ ಮಸುಕು ಚಿತ್ರ ಬರುತ್ತದೆ ಅಂತ ಮೆದುಳು ಅದನ್ನು ಕೇಳುವುದನ್ನೇ ಬಿಟ್ಟಿದೆ ಅಂದರು. ಸೋಮಾರಿ ಕಣ್ಣು ಅನ್ನುತ್ತಾರಲ್ಲ, ಅದು. ಕನ್ನಡಕ, ಜೊತೆಗೆ ದಿನಕ್ಕೆ ಎರಡು ಗಂಟೆ ಚೆನ್ನಾಗಿರುವ ಕಣ್ಣಿಗೆ ಪಟ್ಟಿ. ಮೊದಲ ವಾರ ಮಣಿ ಪೋಣಿಸಲು ಕೊಟ್ಟರೆ ಡಬ್ಬಿಯನ್ನೇ ಎಸೆದು ಅತ್ತಳು. ಅವಳ ಗೊಂಬೆಗೂ ಪಟ್ಟಿ ಅಂಟಿಸಿದೆ. ಆಮೇಲೆ ಗೊಂಬೆಯನ್ನು ಅವಳೇ ಗದರಿಸತೊಡಗಿದಳು, "ಪಟ್ಟಿ ಕೀಳಬಾರದು" ಅಂತ. ನಾಲ್ಕನೇ ತಿಂಗಳಿಗೆ ಪಟ್ಟಿ ಹಾಕಿಕೊಂಡೇ ಒಂದು ಸರ ಪೂರ್ತಿ ಮಾಡಿದಳು. ಅದು ಈಗಲೂ ನನ್ನ ಬೀರುವಿನಲ್ಲಿದೆ.

ಏಳು ವರ್ಷದೊಳಗೆ ಹಿಡಿದರೆ ಚೆನ್ನಾಗಿ ಸುಧಾರಿಸುತ್ತದೆ, ಆಮೇಲೆ ಕಷ್ಟವಾಗುತ್ತಾ ಹೋಗುತ್ತದೆ ಅಂದರು. ನನಗೆ ಗೊತ್ತಾಗಿದ್ದು ಒಂದು ಟವೆಲ್ಲಿನಿಂದ. ಶಾಲೆಗೆ ಸೇರಿಸುವ ಮುಂಚೆ ಒಂದು ಸಲ ತೋರಿಸಿಬಿಡಿ.

ಲೆನ್ಸ್‌ಪೆಟ್ಟಿಗೆ:

ಅಕ್ಕಾ, ನಾವು ಪುಟ್ಟ ಮಕ್ಕಳಿಗೆ ಕ್ಲಿನಿಕ್ಕಿನಲ್ಲಿ ಮಾಡುವ ಪರೀಕ್ಷೆಯೂ ಅದೇ, ಒಂದೊಂದೇ ಕಣ್ಣು ಮುಚ್ಚಿ ಮಗು ಸಿಡುಕುತ್ತದಾ ಅಂತ ನೋಡುವುದು. ಇನ್ನೊಂದು ಗುರುತು ಎಲ್ಲರಿಗೂ ತಿಳಿದಿರಲಿ: ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಮಗುವಿನ ಒಂದು ಪಾಪೆ ಕೆಂಪಗೆ, ಇನ್ನೊಂದು ಬೆಳ್ಳಗೆ ಕಂಡರೆ ತಡ ಮಾಡಬೇಡಿ. ಎಷ್ಟೋ ಸಲ ಅದು ಫೋಟೋ ತೆಗೆದ ಕೋನದ ಆಟ. ಆದರೆ ಪೊರೆಯೋ ಕಣ್ಣಿನೊಳಗಿನ ಗಡ್ಡೆಯೋ ಇದ್ದರೂ ಹಾಗೆ ಕಾಣುತ್ತದೆ.

ಅರೆನಿದ್ದೆ:

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನಗೆ ಮೈನಸ್ 9. ನಿನ್ನೆ ಸಂಜೆಯಿಂದ ಬಲಗಣ್ಣಿನ ಮೂಲೆಯಲ್ಲಿ ಮಿಂಚು ಹೊಡೆದ ಹಾಗೆ ಆಗುತ್ತಿದೆ. ಇವತ್ತು ಬೆಳಗ್ಗೆಯಿಂದ ಕಪ್ಪು ಎಳೆಗಳು ತೇಲುತ್ತಿವೆ, ಮೆಣಸಿನ ಪುಡಿ ಉದುರಿಸಿದ ಹಾಗೆ. ನೋವಿಲ್ಲ. ಮುಂದಿನ ವಾರ ಹೇಗೂ ಅಪಾಯಿಂಟ್‌ಮೆಂಟ್ ಇದೆ, ಅಲ್ಲಿಯ ತನಕ ಕಾಯಬಹುದಾ?

ಲೆನ್ಸ್‌ಪೆಟ್ಟಿಗೆ:

ಬೇಡ. ಇವತ್ತೇ, ಈಗಲೇ, ರೆಟಿನಾ ನೋಡುವ ಡಾಕ್ಟರಿರುವ ಆಸ್ಪತ್ರೆಗೆ ಹೋಗಿ. "ಹೊಸದಾಗಿ ಮಿಂಚು ಮತ್ತು ಎಳೆ ಕಾಣುತ್ತಿವೆ, ಮೈನಸ್ 9" ಅಂತ ಬಾಗಿಲಲ್ಲೇ ಹೇಳಿ. ಕರ್ಟನ್ ಎಳೆದ ಹಾಗೆ ನೆರಳು ಬರುತ್ತಿದ್ದರೆ ಅದನ್ನೂ ಹೇಳಿ. ಇದಕ್ಕೆ ಉತ್ತರ ಬರೆಯುತ್ತಾ ಕೂರಬೇಡಿ.

ಮಂಡಿನೋವು:

ಅವರು ಹೋಗಿ ಬರಲಿ, ಅಷ್ಟರಲ್ಲಿ ನನ್ನದೊಂದು. ಸಂಧಿವಾತಕ್ಕೆ ಹೈಡ್ರಾಕ್ಸಿಕ್ಲೋರೋಕ್ವಿನ್ ನುಂಗುತ್ತಾ ಎರಡು ವರ್ಷ. ಕಣ್ಣಿಗೂ ಇದಕ್ಕೂ ಸಂಬಂಧ ಇದೆಯಂತೆ?

ಲೆನ್ಸ್‌ಪೆಟ್ಟಿಗೆ:

ಇದೆ. ಶುರು ಮಾಡಿದ ಮೊದಲ ವರ್ಷದಲ್ಲೇ ಒಂದು ಸಲ ರೆಟಿನಾ ನೋಡಿಸಿಡಬೇಕು, 5 ವರ್ಷದ ನಂತರ ವರ್ಷಕ್ಕೊಮ್ಮೆ. ಕಿಡ್ನಿ ತೊಂದರೆ ಇದ್ದರೆ ಇನ್ನೂ ಬೇಗ. ನಿಮ್ಮ ಮೊದಲ ತಪಾಸಣೆಯೇ ಆಗಿಲ್ಲದಿದ್ದರೆ ಈ ತಿಂಗಳೇ ಮಾಡಿಸಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಔಷಧಿ ಮಾತು ಬಂದಿದ್ದಕ್ಕೆ ಇನ್ನೊಂದು. ಕಣ್ಣು ತುರಿಕೆ, ಕೆಂಪು ಅಂತ ಯಾವತ್ತೋ ಬರೆದುಕೊಟ್ಟ ಹನಿಯನ್ನೇ ವರ್ಷಗಟ್ಟಲೆ ಹಾಕುವವರಿದ್ದಾರೆ. ಬಾಟಲಿ ಮೇಲೆ ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಎರಡೇ ದಿನಕ್ಕೆ ಕಣ್ಣು ಬೆಳ್ಳಗಾಗುತ್ತದೆ, ಅದಕ್ಕೇ ಜನರಿಗೆ ಇಷ್ಟ. ಒಳಗೆ ಸದ್ದಿಲ್ಲದೆ ಕಣ್ಣಿನ ಪ್ರೆಶರ್ ಏರಿ ಗ್ಲಾಕೋಮಾ ಆಗಬಹುದು, ಪೊರೆಯೂ ಬರಬಹುದು. ನಾನು ನೋಡಿದ ಅತಿ ಬೇಸರದ ಕೇಸು 19ರ ಹುಡುಗನದ್ದು. ಅವನಿಗೆ ಬಂದಿದ್ದು ಬರೀ ಅಲರ್ಜಿ.

ಕಿಟಕಿಸೀಟು:

ಪ್ರೆಶರ್ ಅಂದಿರಿ. ನನಗೆ 18 ಇತ್ತು, ನಾರ್ಮಲ್ ಅಂದರು. ಆದರೂ ಗ್ಲಾಕೋಮಾ ಹೇಗೆ?

ಲೆನ್ಸ್‌ಪೆಟ್ಟಿಗೆ:

10ರಿಂದ 21 ಎಂಬುದು ಹೆಚ್ಚಿನ ಜನರಲ್ಲಿ ಕಾಣುವ ಮಟ್ಟ, ಅದರೊಳಗಿದ್ದರೆ ಕ್ಷೇಮ ಎಂಬ ಗ್ಯಾರಂಟಿಯಲ್ಲ. ಕೆಲವರ ನರ 18ಕ್ಕೂ ಸವೆಯುತ್ತದೆ. ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ತೆಳ್ಳಗಿದ್ದರೆ ಮೆಷಿನ್ ನಿಜಕ್ಕಿಂತ ಕಮ್ಮಿ ತೋರಿಸುತ್ತದೆ, ಅದೂ ಇದೆ. ಕಣ್ಣಿಗೆ ಗಾಳಿ ಊದಿ ಪ್ರೆಶರ್ ಅಳೆಯುವ ಟೆಸ್ಟ್ ಒಂದನ್ನೇ ಮಾಡಿ "ನಿಮಗೆ ಏನೂ ಇಲ್ಲ" ಅಂದರೆ ಪೂರ್ತಿ ನಂಬಬೇಡಿ. ನಿಮ್ಮ ಡಾಕ್ಟರು ನರವನ್ನೇ ನೋಡಿದರಲ್ಲ, ಅದಕ್ಕೇ ಸಿಕ್ಕಿತು.

ಅರೆನಿದ್ದೆ:

ವಾಪಸ್ ಬಂದೆ. ರೆಟಿನಾದಲ್ಲಿ ಒಂದು ಕಡೆ ಹರಿದಿತ್ತಂತೆ, ಇನ್ನೂ ಕಳಚಿರಲಿಲ್ಲ. ಅವತ್ತೇ ಸುತ್ತಲೂ ಲೇಸರ್ ಹಾಕಿದರು. ಹಸಿರು ಮಿಂಚು, ಸ್ವಲ್ಪ ಚುಳ್ ಅನ್ನಿಸಿತು, ಕಾಲು ಗಂಟೆಯಲ್ಲಿ ಮುಗಿಯಿತು. ಎಳೆಗಳು ಇನ್ನೂ ತೇಲುತ್ತಿವೆ, ಕೆಲವು ತಿಂಗಳು ಇರಬಹುದಂತೆ. ಮುಂದಿನ ವಾರದವರೆಗೆ ಕಾದಿದ್ದರೆ ಆಪರೇಷನ್ನೇ ಆಗಬೇಕಿತ್ತೇನೋ ಅಂದರು. ಲೆನ್ಸ್‌ಪೆಟ್ಟಿಗೆ ಮೇಡಂ, ನಿಮಗೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ.

ಲೆನ್ಸ್‌ಪೆಟ್ಟಿಗೆ:

ಏನೂ ಹೇಳಬೇಡಿ. ಅವರು ಕೊಟ್ಟ ದಿನಕ್ಕೆ ತಪ್ಪದೆ ತೋರಿಸಿ. ಇನ್ನೊಂದು ಕಣ್ಣನ್ನೂ ನೋಡಿಸಿ.

ಲೆಕ್ಕದಮೇಷ್ಟ್ರು:

ಎಲ್ಲವನ್ನೂ ಓದಿದೆ. ಚುಕ್ಕೆಯ ಆಟವನ್ನು ಚೌಕುಳಿ ಹಾಳೆಯ ಮೇಲೆ ಮಾಡಿದೆ, ಮೇಷ್ಟ್ರ ಮನೆಯಲ್ಲಿ ಅದೇ ತಾನೇ ಇರುವುದು. ಚುಕ್ಕೆ ಹೋಯಿತು, ಗೆರೆಗಳು ಮಾತ್ರ ಅಲ್ಲಿ ಮುರಿಯದೆ ಮುಂದುವರಿದವು! ಇಲ್ಲದ ಗೆರೆಯನ್ನು ನನ್ನ ತಲೆಯೇ ಎಳೆದಿದೆ. 58 ವರ್ಷ ಇದರ ಮೇಲೆ ನಂಬಿಕೆ ಇಟ್ಟಿದ್ದೆ.

ಆಮೇಲೆ ಅದೇ ಹಾಳೆಯನ್ನು ಒಂದೊಂದೇ ಕಣ್ಣಿನಿಂದ ನೋಡಿದೆ. ಎಡಗಣ್ಣಿಗೆ ನೆಟ್ಟಗಿದೆ. ಬಲಗಣ್ಣಿಗೆ ನಡುವಿನ ಎರಡು ಗೆರೆ ಸ್ವಲ್ಪ ಬಳುಕಿದ ಹಾಗಿದೆ. ಬೆಳಕಿನದ್ದೇನೋ ಅಂತ ಕಿಟಕಿ ಹತ್ತಿರ ಹೋದೆ. ಅಲ್ಲೂ ಹಾಗೇ.

ಲೆನ್ಸ್‌ಪೆಟ್ಟಿಗೆ:

ಮೇಷ್ಟ್ರೇ, ಅದು ಆಟವಲ್ಲ. ಆಮ್ಸ್‌ಲರ್ ಗ್ರಿಡ್ ಅಂತ ನಾವು ಕೊಡುವುದೂ ಅಂಥದ್ದೇ ಚೌಕುಳಿ ಹಾಳೆ. ನೆಟ್ಟಗಿನ ಗೆರೆ ಬಳುಕಿದರೆ ರೆಟಿನಾದ ನಟ್ಟನಡುವೆ ಏನೋ ಆಗಿದೆ ಅಂತ ಅನುಮಾನ. ಒಂದೆರಡು ದಿನದೊಳಗೆ ಹೋಗಿ. ಕಾರಣ ಹಲವು ಇರಬಹುದು, ಕೆಲವಕ್ಕೆ ಚಿಕಿತ್ಸೆಯೂ ಬೇಡ, ಕೆಲವಕ್ಕೆ ತಡ ಮಾಡುವಂತಿಲ್ಲ.

ಲೆಕ್ಕದಮೇಷ್ಟ್ರು:

ನಾಳೆ ಹನ್ನೊಂದಕ್ಕೆ ಹೋಗುತ್ತಿದ್ದೇನೆ. ಮಗಳೇ ಗಾಡಿ ಓಡಿಸುತ್ತಾಳೆ. ಆ ಬಟನ್ ಒತ್ತುವ ಟೆಸ್ಟನ್ನೂ ಮಾಡಬಹುದು ಅಂದರು. ಅದರಲ್ಲಿ ರೆಪ್ಪೆ ಬಡಿಯಬಹುದಾ? ನನಗೆ ಒಂದು ನಿಮಿಷ ಕಣ್ಣು ಬಿಟ್ಟು ಕೂರುವುದೂ ಆಗದು.

ಲೆನ್ಸ್‌ಪೆಟ್ಟಿಗೆ:

ಧಾರಾಳವಾಗಿ ಬಡಿಯಿರಿ, ಬಟನ್ ಒತ್ತುವಾಗಲೇ ಬಡಿದರೆ ಇನ್ನೂ ಒಳ್ಳೆಯದು. ಸುಸ್ತಾದರೆ ಹೇಳಿ, ನಿಲ್ಲಿಸುತ್ತಾರೆ. ಬೆಳಕನ್ನು ಬೇಕು ಅಂತಲೇ ಕಾಣದಷ್ಟು ಮಂದ ಮಾಡುತ್ತಾ ಹೋಗುತ್ತಾರೆ, ಎಲ್ಲಿಯ ತನಕ ಕಾಣುತ್ತದೆ ಅಂತ ನೋಡಲು. ಆರೋಗ್ಯವಾದ ಕಣ್ಣಿಗೂ ಸುಮಾರು ಅರ್ಧದಷ್ಟು ಬೆಳಕು ಕಾಣುವುದಿಲ್ಲ. ಗಾಬರಿ ಬೇಡ.

ಕಿಟಕಿಸೀಟು:

ಅಂದರೆ ಮೆಷಿನ್ ಕೆಟ್ಟಿದೆ ಅಂತ ನನಗೆ ಅನ್ನಿಸಿದ್ದೂ ಅದಕ್ಕೇನಾ?

ಅಂದಹಾಗೆ ತಮ್ಮ ನಿನ್ನೆ ತೋರಿಸಿಕೊಂಡು ಬಂದ. ಸದ್ಯಕ್ಕೆ ನರ ಸರಿ ಇದೆ, ವರ್ಷ ಬಿಟ್ಟು ಬನ್ನಿ ಅಂದರಂತೆ. "ಹೇಳಿರಲಿಲ್ವಾ?" ಅಂತ ನನಗೇ ಹೇಳುತ್ತಿದ್ದಾನೆ.

ಲೆನ್ಸ್‌ಪೆಟ್ಟಿಗೆ:

ತಮ್ಮ ಬಯ್ದರೂ ಪರವಾಗಿಲ್ಲ, ಮುಂದಿನ ವರ್ಷದ ದಿನಾಂಕ ಈಗಲೇ ಬರೆದಿಡಿ.

ಮೆಷಿನ್ ವಿಷಯ, ಸ್ವಲ್ಪ ಮಟ್ಟಿಗೆ ಹೌದು. ಆದರೆ ಬಲಗಣ್ಣಿಗೆ ಹಾಗೆ ಅನ್ನಿಸಲಿಲ್ಲ, ಅಲ್ವಾ?

ಕಿಟಕಿಸೀಟು:

ಇಲ್ಲ. ಬಲಗಣ್ಣಿಗೆ ಅನ್ನಿಸಲಿಲ್ಲ.